ಮೈಕ್ ಇಲ್ಲದ ರಾತ್ರಿ: ಧಾರವಾಡದ ಪಡಸಾಲೆಯಲ್ಲಿ ಬೈಠಕ್ ನಡೆಸುವ ಬಗೆ

ಸಂಜೆ ಆರಕ್ಕೆ ಎಂದು ಅಚ್ಚಾದ ಸಂಗೀತ ಕಾರ್ಯಕ್ರಮ ದೀಪ, ಸ್ವಾಗತ, ಸನ್ಮಾನ, ಮಾತು ಎಲ್ಲ ಮುಗಿಸಿ ಗಾಯನಕ್ಕೆ ಬರುವಾಗ ಏಳೂವರೆ. ಒಂಬತ್ತೂವರೆಗೆ ಸಭಾಂಗಣದ ಕಾವಲಿನವನು ಬಾಗಿಲಲ್ಲಿ ಕೀಲಿಕೈ ಹಿಡಿದು ನಿಂತಿರುತ್ತಾನೆ. ಹೀಗಾಗಿ ಹುಬ್ಬಳ್ಳಿ-ಧಾರವಾಡದ ಕೇಳುಗರಿಗೆ ಸಂಜೆಯ ರಾಗಗಳಾದ ಪೂರಿಯಾ ಧನಾಶ್ರೀ, ಯಮನ್ ಬೇಕಾದಷ್ಟು ಸಿಗುತ್ತವೆ. ತಡರಾತ್ರಿಯ ರಾಗಗಳಾದ ದರ್ಬಾರಿ, ಮಾಲಕೌಂಸ್, ಅಡಾಣಾ ಅವುಗಳ ಹೊತ್ತಿನಲ್ಲಿ ಸಿಗುವುದು ಕಡಿಮೆ. ಕೇಳುಗರಿಗೆ ಆಸೆಯಿಲ್ಲ ಅಂತಲ್ಲ, ಗಡಿಯಾರ ಬಿಡುವುದಿಲ್ಲ. ಮನೆಯ ಪಡಸಾಲೆಯಲ್ಲಿ ಮೈಕ್ ಇಲ್ಲದೆ ಬೈಠಕ್, ಅಂದರೆ ನೆಲದ ಮೇಲೆ ಕೂತು ಕೇಳುವ ಸಣ್ಣ ಕಛೇರಿ, ಇಟ್ಟುಕೊಂಡರೆ ರಾತ್ರಿ ಒಂದರ ತನಕ ಹಾಡಿಸಬಹುದು. ನಾನು ಅದನ್ನು ಮಾಡುವ ರೀತಿ ಇಲ್ಲಿದೆ.

ಮೊದಲು ಕಾನೂನು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, ವಾದ್ಯ ನುಡಿಸುವಂತೆಯೂ ಇಲ್ಲ. ನಾಲ್ಕು ಗೋಡೆಯೊಳಗಿನ ಸಭೆಗೆ ವಿನಾಯಿತಿ ಇದೆ, ಆದರೆ ದನಿ ಆಚೆಯವರ ನಿದ್ದೆ ಕೆಡಿಸಬಾರದು. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್. ಆದ್ದರಿಂದ ತಾರಸಿ, ಅಂಗಳ, ಪೆಂಡಾಲು ಯಾವುದೂ ಬೇಡ. ರಸ್ತೆ ಕಡೆಯ ಕಿಟಕಿಗಳನ್ನು ಹತ್ತಕ್ಕೆ ಮುಚ್ಚಿ, ಹಿತ್ತಲ ಕಡೆಯವನ್ನು ತೆರೆದಿಡಿ. ಅಕ್ಕಪಕ್ಕದ ಮನೆಯವರನ್ನು ಕೇಳಲು ಕರೆಯಿರಿ. ಬಂದು ಕೂತವರು ತಕರಾರು ಮಾಡುವುದಿಲ್ಲ, ಬರದವರೂ ಕರೆದಿದ್ದರಲ್ಲ ಎಂದು ಸುಮ್ಮನಿರುತ್ತಾರೆ.

ಕೋಣೆ ಹದಿನೈದು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದ ಇದ್ದರೆ ನಲವತ್ತು ಜನ. ಚಕ್ಕಲುಮಕ್ಕಳ ಹಾಕಿ ನಾಲ್ಕು ತಾಸು ಕೂರುವವನಿಗೆ ಏಳು ಚದರಡಿ ಬೇಕು, ಹಾಡುವವರ ಜಾಗ ಎಂಟು ಅಡಿಗೆ ಹತ್ತು ಅಡಿ. ಅರವತ್ತು ಜನರನ್ನು ತುರುಕಿದರೆ ಹಿಂದಿನವರು ಬಾಗಿಲಲ್ಲಿ ನಿಲ್ಲುತ್ತಾರೆ, ನಿಂತವರು ಮಾತಾಡುತ್ತಾರೆ. ಮಣಕಾಲು ನೋವಿನವರಿಗೆ ಗೋಡೆಗುಂಟ ಆರೇಳು ಕುರ್ಚಿ ಇಟ್ಟರೆ ಸಾಕು. ಹಳೆಯ ಮಾಳಿಗೆ ಮನೆಯ ಕಟ್ಟಿಗೆಯ ಜಂತಿ ದನಿಗೆ ಒಳ್ಳೆಯದು. ಟೈಲ್ಸ್ ಹಾಸಿ, ಗಾಜಿನ ಬಾಗಿಲು ಇಟ್ಟ ಹೊಸ ಹಾಲ್‌ನಲ್ಲಿ ದನಿ ಗೋಡೆಯಿಂದ ಗೋಡೆಗೆ ಪುಟಿದು ತಾನಿನ (ವೇಗದ ಸ್ವರಸಾಲಿನ) ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ನೆಲದ ತುಂಬ ಜಮಖಾನ ಹಾಸಬೇಕು (ನವಲಗುಂದದ್ದು ಇದ್ದರೆ ದಪ್ಪವಾಗಿ ಬಲು ಚಲೋ), ಗಾಜಿಗೆ ಪರದೆ ಎಳೆಯಬೇಕು. ಗಾಯಕರ ಬೆನ್ನಹಿಂದಿನ ಗೋಡೆಯನ್ನು ಮಾತ್ರ ಬರಿದಾಗಿ ಬಿಡಿ. ಮೈಕ್ ಇಲ್ಲದಾಗ ದನಿಯನ್ನು ಮುಂದಕ್ಕೆ ದೂಡುವುದು ಅದೇ ಗೋಡೆ. ಹೆಂಚಿನ ಮನೆಯಾದರೆ ಜೂನ್‌ನಿಂದ ಆಗಸ್ಟ್ ತನಕ ತಾರೀಖು ಹಿಡಿಯಲೇಬೇಡಿ. ಧಾರವಾಡದ ಜಿಟಿಜಿಟಿ ಮಳೆ ಹೆಂಚಿನ ಮೇಲೆ ತನ್ನದೇ ತಾಳ ಹಾಕುತ್ತದೆ. ನನ್ನ ಲೆಕ್ಕದಲ್ಲಿ ನವೆಂಬರ್‌ನಿಂದ ಫೆಬ್ರುವರಿ ಸರಿ: ಫ್ಯಾನೂ ಬೇಡ, ಮಳೆಯೂ ಇಲ್ಲ.

ಕಲಾವಿದರನ್ನು ಕರೆಯುವಾಗ ತಾರೀಖಿನ ಜೊತೆಗೇ ಕೇಳಬೇಕಾದ ಮಾತು: "ನಿಮ್ಮ ಷಡ್ಜ ಯಾವುದ್ರಿ?" ಷಡ್ಜ ಎಂದರೆ ಹಾಡಿನ ಆಧಾರ ಸ್ವರ, ಅದನ್ನು ಹೇಳುವುದು ಹಾರ್ಮೋನಿಯಂನ ಕರಿ ಮನೆಗಳ ಲೆಕ್ಕದಲ್ಲಿ. ಗಂಡಸರು ಸಾಮಾನ್ಯವಾಗಿ ಕರಿ ಒಂದು, ಕರಿ ಎರಡು, ಹೆಂಗಸರು ಕರಿ ನಾಲ್ಕು, ಕರಿ ಐದು ಎನ್ನುತ್ತಾರೆ. ಆದರೆ ಊಹಿಸಿಕೊಳ್ಳಬೇಡಿ. ಗಂಗೂಬಾಯಿ ಹಾನಗಲ್ಲರ ತುಂಬು ಗಂಭೀರ ದನಿ ಕೇಳಿದ ಊರಿನವರು ಹೆಂಗಸೆಂದರೆ ಎತ್ತರದ ಶ್ರುತಿ ಎಂದುಕೊಳ್ಳಬಾರದು. ಈ ಉತ್ತರವನ್ನು ಅಂದೇ ತಬಲಾದವರಿಗೆ ಮುಟ್ಟಿಸಬೇಕು, ಯಾಕೆಂದರೆ ದಾಯಾಂ (ಬಲಗೈಯ ತಬಲಾ) ಒಂದೂವರೆ ಸ್ವರಕ್ಕಿಂತ ಹೆಚ್ಚು ಏರಿಸಿ ಇಳಿಸಲು ಬರುವುದಿಲ್ಲ. ಕರಿ ಒಂದಕ್ಕೆ ಮುಖ ಚಿಕ್ಕದಿರುವ ದಾಯಾಂ ಬೇಕು, ಕರಿ ಐದಕ್ಕೆ ದೊಡ್ಡದು. ತಪ್ಪು ದಾಯಾಂ ಬಂದಿತೆಂದರೆ ಹತೋಡಿಯಿಂದ ಬಡಿದು ಬಡಿದು ಅರ್ಧ ತಾಸು ಹೋಗುತ್ತದೆ, ಕೊನೆಗೆ ಬಿಗಿದ ಚರ್ಮದ ವಾದಿಯೇ ಹರಿಯುತ್ತದೆ. ಸಾಥಿಗೆ (ಪಕ್ಕವಾದ್ಯಕ್ಕೆ) ಈ ಊರಿನಲ್ಲಿ ಬರವಿಲ್ಲ. 1950ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರ, ಸಂಗೀತ ಕಾಲೇಜು ಎರಡೂ ಇಲ್ಲಿರುವುದರಿಂದ ಒಳ್ಳೆಯ ತಬಲಾ, ಹಾರ್ಮೋನಿಯಂ ವಾದಕರು ಮೂರು ಕಿಲೋಮೀಟರ್ ಒಳಗೇ ಸಿಗುತ್ತಾರೆ. ಮಾನಧನವನ್ನು ಮೊದಲೇ ಮಾತಾಡಿ, ಮೂವರಿಗೂ ಬೇರೆ ಬೇರೆ ಲಕೋಟೆ ಮಾಡಿ. ಎಲ್ಲವನ್ನೂ ಗಾಯಕರ ಕೈಗಿಟ್ಟು "ನೀವೇ ಹಂಚಿಕೊಳ್ಳಿ" ಅನ್ನುವುದು ಒಳ್ಳೆಯ ರೂಢಿಯಲ್ಲ.

ತಂಬೂರಿ ಎರಡು ಬೇಕು, ಮತ್ತು ನಿಜವಾದವೇ ಬೇಕು. ಮೈಕ್ ಇಲ್ಲದ ಕೋಣೆಯಲ್ಲಿ ಮೊಬೈಲಿನ ತಂಬೂರಿ ಸೊಳ್ಳೆಯಂತೆ ಕೇಳುತ್ತದೆ. ಇಲ್ಲಿನ ಬಹಳಷ್ಟು ತಂಬೂರಿಗಳು ಮೀರಜ್‌ನವು. ವಾದ್ಯವನ್ನು ಮಧ್ಯಾಹ್ನವೇ ತಂದು ಅದೇ ಕೋಣೆಯಲ್ಲಿ ಗವಸು ಬಿಚ್ಚಿ ನಿಲ್ಲಿಸಿ. ಕಾರಿನ ಬಿಸಿಯಿಂದ ಬಂದದ್ದನ್ನು ತಕ್ಷಣ ಶ್ರುತಿ ಕೂಡಿಸಿದರೆ ತಾಸಿನೊಳಗೆ ಕದಲುತ್ತದೆ. ಒಂದು ತಾಸು ಮೊದಲು ಜೋಡಿಯ ಎರಡು ಷಡ್ಜ, ಆಮೇಲೆ ಖರ್ಜ (ಕೆಳಗಿನ ಷಡ್ಜ), ಕೊನೆಗೆ ಮೊದಲ ತಂತಿ. ಮೊದಲ ತಂತಿ ಪಂಚಮವೋ ಮಧ್ಯಮವೋ ಎಂಬುದು ರಾಗದ ಮೇಲೆ ಹೋಗುತ್ತದೆ. ಮಾಲಕೌಂಸ್‌ನಲ್ಲಿ ಪಂಚಮವೇ ಇಲ್ಲ, ಮಧ್ಯಮಕ್ಕೆ ಇಳಿಸಬೇಕು. ಸೋಹನಿಯಲ್ಲೂ ಪಂಚಮವಿಲ್ಲ, ಅಲ್ಲಿ ಹಲವರು ನಿಷಾದ ಕೇಳುತ್ತಾರೆ. ಶ್ರುತಿ ಸರಿಯಿದ್ದೂ ನಾದ ಸತ್ತಂತೆ ಕೇಳಿದರೆ ಜವಾರಿಯ ದಾರ ಸರಿದಿದೆ ಎಂದರ್ಥ: ಕುದುರೆಯ (ತಂತಿ ಆತುಕೊಳ್ಳುವ ಸೇತುವೆಯ) ಮೇಲೆ ತಂತಿಯ ಕೆಳಗಿನ ಆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿ ಝೇಂಕರಿಸುತ್ತದೆ. ಅಲ್ಲೇ ನಿಲ್ಲಿಸಿ. ಜನ ತುಂಬಿದ ಮೇಲೆ ಕೋಣೆಯ ಕಾವು ಏರಿ ಶ್ರುತಿ ಮತ್ತೆ ಜಾರುತ್ತದೆ, ಶ್ರುತಿ ತಿದ್ದುವ ಮಣಿ ಸರಿಸಲು ಐದು ನಿಮಿಷ ಇಟ್ಟುಕೊಳ್ಳಿ. ಒಂದು ಜೊತೆ ಹೆಚ್ಚಿನ ತಂತಿ, ಪೌಡರ್ ಡಬ್ಬಿ, ಬಿಳಿ ದಾರದ ಉಂಡೆ ಕೈಗೆ ಸಿಗುವಲ್ಲಿರಲಿ.

ಕೂರಲು ಎತ್ತರದ ವೇದಿಕೆ ಬೇಡ, ಎರಡು ಗಾದಿ ಒಂದರ ಮೇಲೊಂದು ಸಾಕು. ಪೊಳ್ಳು ಹಲಗೆಯ ಮಂಚ ಹಾಕಿದರೆ ಬಾಯಾಂನ (ಎಡಗೈಯ ತಬಲಾದ) ಪ್ರತಿ ಗುಮಕಕ್ಕೂ ಅದು ಢೋಲಿನಂತೆ ಗುಂಯ್‌ಗುಡುತ್ತದೆ. ಮೈಕ್ ಇಲ್ಲದಾಗ ದನಿಗಿಂತ ತಬಲಾ ಜೋರು. ಹಾಗಾಗಿ ಗಾಯಕರನ್ನು ಒಂದೂವರೆ ಅಡಿ ಮುಂದೆ ಕೂರಿಸಿ, ತಬಲಾವನ್ನು ಅವರ ಕಡೆಗೆ ಸ್ವಲ್ಪ ತಿರುಗಿಸಿ. ಹಾರ್ಮೋನಿಯಂ ಮೇಲಿನ ಮುಚ್ಚಳ ಮುಚ್ಚಿದರೆ ಅದರ ದನಿಯೂ ಮೆತ್ತಗಾಗುತ್ತದೆ. ಸೀಲಿಂಗ್ ಫ್ಯಾನ್ ಗಾಯಕರ ನೆತ್ತಿಯ ಮೇಲೆ ತಿರುಗಕೂಡದು, ಗಂಟಲೂ ಒಣಗುತ್ತದೆ, ತಂತಿಯೂ ಅಲುಗುತ್ತದೆ. ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ಇಡಿ. ಇನ್ನೊಂದು ವೈರಿ ಇನ್ವರ್ಟರ್. ವಿಲಂಬಿತ ಲಯದ ಮೌನದಲ್ಲಿ ಅದರ ಗುಂಯ್ ಶಬ್ದ ಬೇರೆಯದೇ ಷಡ್ಜ ಹಿಡಿದು ಕೂತಿರುತ್ತದೆ. ಕರೆಂಟು ಹೋದರೆ ಎರಡು ಕಂದೀಲು ಸಾಕು.

ಊಟ ಮನೆಯಲ್ಲೇ ಮುಗಿಸಿ ಬನ್ನಿ ಎಂದು ಹೇಳಿ, ಒಂಬತ್ತಕ್ಕೆ ಸರಿಯಾಗಿ ಶುರು. ಸ್ವಾಗತ ಭಾಷಣ ಎರಡು ವಾಕ್ಯ. ಹತ್ತರೊಳಗೆ ಬಿಹಾಗ್ ಅಥವಾ ಬಾಗೇಶ್ರೀಯ ಬಡಾ ಖ್ಯಾಲ್ ನಿಧಾನಕ್ಕೆ ತೆರೆದುಕೊಂಡಿರುತ್ತದೆ. ಅದರ ಹಿಂದೆ ಬರುವ ಚುರುಕಿನ ಛೋಟಾ ಖ್ಯಾಲ್ ಸೇರಿ ಮೊದಲ ರಾಗಕ್ಕೆ ಎಪ್ಪತ್ತೈದು ನಿಮಿಷ ಹಿಡಿಯಿರಿ. ಹತ್ತೂಮುಕ್ಕಾಲಿಗೆ ಚಹಾ. ಹನ್ನೊಂದಕ್ಕೆ ಎರಡನೆಯ ರಾಗ, ಇಡೀ ಬೈಠಕ್ ನಿಂತಿರುವುದೇ ಇದರ ಮೇಲೆ: ದರ್ಬಾರಿಯ ಆಂದೋಲಿತ ಗಾಂಧಾರ ಮಂದ್ರದಲ್ಲಿ ತೂಗುವುದನ್ನು ಸ್ಪೀಕರಿನಿಂದ ಕೇಳುವುದಕ್ಕೂ ಆರಡಿ ದೂರದಿಂದ ಕೇಳುವುದಕ್ಕೂ ಹೋಲಿಕೆಯಿಲ್ಲ. ಜನ ಆಕಳಿಸುತ್ತಾರೆಂದು ಇದನ್ನು ಮೊಟಕು ಮಾಡಿಸಬೇಡಿ. ಹೋಗುವವರು ಚಹಾದ ಹೊತ್ತಿಗೇ ಹೋಗಿರುತ್ತಾರೆ. ಹನ್ನೆರಡೂಕಾಲರ ಮೇಲೆ ಒಂದು ವಚನ, ಒಂದು ದಾಸರ ಪದ, ಹಿರಿಯರು ಕೇಳಿದರೆ ಒಂದು ಮರಾಠಿ ನಾಟ್ಯಗೀತ. ಮುಂಬಯಿ ಪ್ರಾಂತದ ಕಾಲದಿಂದ ಅಂಟಿದ ಚಟ ಅದು, ಇನ್ನೂ ಬಿಟ್ಟಿಲ್ಲ. ಕೊನೆಗೆ ಭೈರವಿ. ಭೈರವಿಯ ಮೇಲೆ "ಇನ್ನೊಂದು ಆಗಲಿ" ಎನ್ನಬಾರದು. ಕೇಳುವುದಿದ್ದರೆ ಅದಕ್ಕೂ ಮೊದಲೇ ಚೀಟಿ ಕೊಡಿ.

ಚಹಾ ನಲವತ್ತು ಜನಕ್ಕೆ ಅರ್ಧ ಕಪ್ಪಿನಂತೆ ನಾಲ್ಕು ಲೀಟರ್: ಎರಡೂವರೆ ಲೀಟರ್ ಹಾಲು, ಒಂದೂವರೆ ನೀರು, ನೂರು ಗ್ರಾಂ ಪುಡಿ, ಸಕ್ಕರೆ ನಾನೂರು ಗ್ರಾಂ, ಒಂದು ಗೇಣು ಶುಂಠಿ. ಕಾಗದದ ಕಪ್ಪೇ ಇರಲಿ, ಸ್ಟೀಲ್ ಲೋಟ ಬಿದ್ದರೆ ಸಮ್ (ತಾಳದ ಮೊದಲ ಪೆಟ್ಟು) ಎಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಗಿರಮಿಟ್ಟಿಗೆ ಒಂದೂವರೆ ಕಿಲೋ ಚುರಮರಿ, ಕಾಲು ಕಿಲೋ ಪುಠಾಣಿ ಹಿಟ್ಟು. ಉಳ್ಳಾಗಡ್ಡಿ, ಹುಣಸೆಹಣ್ಣು, ಬೆಲ್ಲದ ಒಗ್ಗರಣೆ ಸಂಜೆಯೇ ಮಾಡಿಟ್ಟು, ಕಲಸುವುದನ್ನು ಚಹಾಕ್ಕೆ ಐದು ನಿಮಿಷ ಮೊದಲು. ಮೊದಲೇ ಕಲಸಿದರೆ ಚುರಮರಿ ಮೆತ್ತಗಾಗುತ್ತದೆ, ಹಾಡುವಾಗ ಹಂಚಿದರೆ ಕರುಮ್‌ಕುರುಮ್ ಸದ್ದು. ಮಿರ್ಚಿ ಭಜಿ ಬೇಡವೇ ಬೇಡ, ಎಣ್ಣೆಯ ಹೊಗೆ ಗಾಯಕರ ಗಂಟಲು ಹಿಡಿಯುತ್ತದೆ.

ಹುಬ್ಬಳ್ಳಿಯಿಂದ ಬರುವವರು ಕೊನೆಯ ಚಿಗರಿ ಬಸ್ಸಿನ ವೇಳೆಯನ್ನು ಅದೇ ದಿನ ವಿಚಾರಿಸಿಕೊಳ್ಳಬೇಕು. ರಾತ್ರಿ ಒಂದಕ್ಕೆ ಆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಬಸ್ಸು ನಂಬುವಂತಿಲ್ಲ. ನಾಲ್ಕು ನಾಲ್ಕು ಜನರನ್ನು ಒಂದೊಂದು ಕಾರಿಗೆ ಮೊದಲೇ ಹಂಚಿಬಿಡುತ್ತೇನೆ, ಸಾಥಿದಾರರದ್ದು ಮೊದಲ ಕಾರು. ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ತಂಬೂರಿಯ ತಂತಿಗಳನ್ನು ಒಂದು ಸ್ವರ ಇಳಿಸಿ, ಜವಾರಿಯ ದಾರ ಅಲುಗದಂತೆ ಗವಸು ಹಾಕಿ, ಬುರುಡೆ ಮೇಲಾಗಿ ಅಲ್ಲ, ಗೋಡೆಯ ಮೂಲೆಗೆ ಆನಿಸಿ ನೆಟ್ಟಗೆ ನಿಲ್ಲಿಸಿ.