ಆಟಿ ತಿಂಗಳಲ್ಲಿ ತೆಗೆದ ವಿಟೆಕ್: ನನ್ನ ಅನುಭವ

ಆಟಿಯಲ್ಲಿ, ಅಂದರೆ ಶುಭ ಕೆಲಸಕ್ಕೆ ಆಗದೆನ್ನುವ ತುಳುನಾಡಿನ ಮಳೆ ತಿಂಗಳಲ್ಲಿ, ಗಾಡಿ ತೆಗೆಯಬಾರದು ಎಂದು ಮನೆಯವರು, ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರನ್ನಂತೂ ತೆಗೆಯಲೇಬಾರದು ಎಂದು ಗೆಳೆಯರು. ನಾನು ಎರಡನ್ನೂ ಒಟ್ಟಿಗೆ ಮಾಡಿದೆ. 2002ರ ಹೋಂಡಾ ಸಿಟಿ 1.5 ವಿಟೆಕ್, ಉಡುಪಿಯ ಕೆಎ 20 ನಂಬರ್. ವಿಟೆಕ್ ಎಂದರೆ ಆರ್‌ಪಿಎಂ ಏರಿದಾಗ ವಾಲ್ವ್ ಹೆಚ್ಚು ತೆರೆದು ಜೋರು ಕೊಡುವ ಹೋಂಡಾದ ಎಂಜಿನ್ ವ್ಯವಸ್ಥೆ. "ಮರ್ಲು ಉಂಟಾ ಭಾವ ನಿಮಗೆ? ಗುಜರಿಯವನೂ ಯೋಚನೆ ಮಾಡಿಯಾನು" ಎಂದಿದ್ದ ಹೆಂಡತಿಯ ತಮ್ಮ ಈಗ ಭಾನುವಾರ ಬಂದರೆ ಮೊದಲು ಕೀ ಕೇಳುತ್ತಾನೆ. ಎರಡು ಮಳೆಗಾಲ ಕಳೆದಿದೆ, ಗಾಡಿ ಇನ್ನೂ ಮಾಳ ಘಾಟಿ ಹತ್ತುತ್ತಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ದುಡ್ಡಿಗೆ ಎರಡು ಬಾಗಿಲಿನ ಅಸಲಿ ಸ್ಪೋರ್ಟ್ಸ್ ಕಾರು ಇಲ್ಲಿ ಸಿಗುವುದಿಲ್ಲ. ಹೊರಗಿನಿಂದ ತರಿಸೋಣವೆಂದರೆ ಮೂರು ವರ್ಷಕ್ಕಿಂತ ಹಳೆಯದಕ್ಕೆ ಅನುಮತಿಯೇ ಇಲ್ಲ. ಹಾಗಾಗಿ ಎಂಜಿನ್ ಜೋರಿರುವ ಮನೆ ಕಾರುಗಳೇ ಗತಿ. ಅಬಾರ್ತ್ ಪುಂಟೊದ 145 ಎಚ್‌ಪಿ ಆಸೆ ಹುಟ್ಟಿಸಿತ್ತು, ಆದರೆ ಫಿಯಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ, ಪಾರ್ಟ್ಸ್‌ಗೆ ಎಲ್ಲಿ ಅಲೆಯುವುದು? ಡ್ಯುಯಲ್ ಕ್ಲಚ್ಚಿನ ಆಟೋ ಗೇರಿರುವ ಟರ್ಬೊ ಹ್ಯಾಚ್‌ಬ್ಯಾಕ್ ಒಂದನ್ನು ಮಂಗಳೂರಿನ ಪಂಪ್‌ವೆಲ್‌ನಿಂದ ಪಡೀಲ್‌ವರೆಗೆ ಓಡಿಸಿದೆ. ಟ್ರಾಫಿಕ್ಕಿನಲ್ಲಿ ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗಲೆಲ್ಲ ಮೈ ನಡುಗಿಸುತ್ತಿತ್ತು. ಗೇರ್‌ಬಾಕ್ಸ್ ರಿಪೇರಿಗೆ ಕೇಳಿದ ರೇಟು ಗಾಡಿಯ ಅರ್ಧ ಬೆಲೆ. ಅವತ್ತೇ ತೀರ್ಮಾನ ಮಾಡಿದೆ: ಟರ್ಬೊ ಬೇಡ, ಆಟೋ ಗೇರ್ ಬೇಡ, ಆಕ್ಸಲರೇಟರ್ ಎಲೆಕ್ಟ್ರಾನಿಕ್ ಅಲ್ಲ, ಕೇಬಲ್ಲಿನದೇ ಆಗಬೇಕು. ಸುಮಾರು ಒಂದು ಟನ್ ತೂಕಕ್ಕೆ ವಿಟೆಕ್‌ನ 106 ಎಚ್‌ಪಿ ಧಾರಾಳ ಸಾಕು.

ಆಟಿಯೇ ಯಾಕೆಂದರೆ, ಆಗ ಗಿರಾಕಿ ಇರುವುದಿಲ್ಲ. ಆಯುಧಪೂಜೆ ಹತ್ತಿರ ಬಂದಂತೆ ಅದೇ ಗಾಡಿಗೆ ಇಪ್ಪತ್ತು ಮೂವತ್ತು ಸಾವಿರ ಏರುತ್ತದೆ. ಇನ್ನೊಂದು, ಮಳೆಯ ಎದುರು ಬ್ರೋಕರನ ಪಾಲಿಶ್ ನಡೆಯುವುದಿಲ್ಲ. ನಾನು ಹಿಂದಿನ ದಿನವೇ ಫೋನ್ ಮಾಡಿ, ಗಾಡಿಯನ್ನು ರಾತ್ರಿ ಹೊರಗೆ ಮಳೆಯಲ್ಲೇ ನಿಲ್ಲಿಸಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎನ್ನುತ್ತಿದ್ದೆ. ಅರ್ಧ ಜನ ಅಲ್ಲೇ ಫೋನ್ ಕತ್ತರಿಸಿದರು. ಒಳ್ಳೆಯದೇ ಆಯಿತು. ಉಳಿದವರಲ್ಲಿಗೆ ಬೆಳಿಗ್ಗೆ ಹೋಗಿ ಬಾನೆಟ್ ಮುಟ್ಟಿ ನೋಡುವುದು, ಕಾರ್ಪೆಟ್ ಎತ್ತುವುದು, ಸ್ಟೆಪ್ನಿ ಗುಂಡಿಗೆ ಕೈ ಹಾಕುವುದು. ಕೊಟ್ಟಾರ ಚೌಕಿಯ ಕೃತಕ ನೆರೆಯಲ್ಲಿ ಮುಳುಗಿದ್ದ ಒಂದು ಗಾಡಿ ಸಿಕ್ಕಿದ್ದು ಹಾಗೆ: ಸೀಟ್ ಕವರ್ ಹೊಸದು, ಸೀಟಿನ ಬೋಲ್ಟ್‌ಗಳೆಲ್ಲ ಕೆಂಪು.

ಕಿಲೋಮೀಟರ್ ನಾನು ನೋಡುವುದೇ ಇಲ್ಲ, ಅದನ್ನು ಹೇಗೆ ತಿರುಗಿಸುತ್ತಾರೆಂದು ನಿಮಗೂ ಗೊತ್ತು. ನೋಡುವುದು ಗಾಡಿ ಎಲ್ಲಿ ನಿಂತಿತ್ತು ಎಂಬುದನ್ನು. ಮಲ್ಪೆ, ಕಾಪು, ಉಳ್ಳಾಲದ ಕಡಲ ಗಾಳಿಗೆ ನಿಂತದ್ದಾದರೆ ಹಿಂದಿನ ಚಕ್ರದ ಮೇಲಿನ ಆರ್ಚ್, ಬಾಗಿಲ ಕೆಳಗಿನ ಪಟ್ಟಿ, ಸ್ಟ್ರಟ್ ಟಾಪ್ (ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರಿನ ತುದಿ ಕೂರುವ ಜಾಗ) ಮೂರನ್ನೂ ಒಳಗೆ ತುಕ್ಕು ತಿಂದಿದೆಯೇ ಎಂದು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಬೇಕು. ನಾಲ್ಕನೆಯ ಜಾಗವೊಂದುಂಟು, ಅದು ನನ್ನಲ್ಲೇ ಇರಲಿ. ಬರೆದರೆ ನಾಳೆಯಿಂದ ಬ್ರೋಕರ್‌ಗಳು ಅಲ್ಲಿಗೂ ಪುಟ್ಟಿ ಹಾಕುತ್ತಾರೆ. ಗಲ್ಫಿನವರ ಗಾಡಿಗೆ ಜನ ಮುಗಿಬೀಳುತ್ತಾರೆ, ಕಡಿಮೆ ಓಡಿದೆ ಎಂದು. ನನಗೆ ಅದೇ ಭಯ. ವರ್ಷಕ್ಕೊಂದು ತಿಂಗಳು ಓಡಿ ಉಳಿದಷ್ಟೂ ದಿನ ಕವರ್ ಒಳಗೆ ಬೆವರಿದ ಗಾಡಿ ಅದು. ಟ್ಯಾಂಕಿನೊಳಗೆ ತುಕ್ಕು, ವೈರಿಂಗಿಗೆ ಇಲಿ.

ನನಗೆ ಸಿಕ್ಕಿದ್ದು ಕಾರ್ಕಳದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಗಾಡಿ. ದಿನಾ ಓಡಿದ್ದು, ಬಿಲ್ಲುಗಳೆಲ್ಲ ಬಿಸ್ಕತ್ ಡಬ್ಬಿಯಲ್ಲಿ. ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ 170 ಪಿಎಸ್‌ಐ ಆಸುಪಾಸು, ಅಂದರೆ ಎಂಜಿನ್ ಗಟ್ಟಿ. ಎರಡನೇ ಗೇರಿನಲ್ಲಿ ಐದು ಸಾವಿರ ಆರ್‌ಪಿಎಂ ದಾಟಿಸಿ, ಕಾಲು ತೆಗೆದು, ಮತ್ತೆ ಒತ್ತಿದೆ. ನೀಲಿ ಹೊಗೆ ಇಲ್ಲ, ಅಂದರೆ ಎಂಜಿನ್ ಆಯಿಲ್ ಸುಡುತ್ತಿಲ್ಲ. ಕೇಳಿದ್ದು 2 ಲಕ್ಷದ 10 ಸಾವಿರ. ಸುತ್ತು ಹೊಡೆದು ಬಂದು ಬಿಸಿಲಿಗೆ ನಿಲ್ಲಿಸಿ ಚಾ ಕುಡಿದು ಬಂದರೆ ಸ್ಟಾರ್ಟ್ ಇಲ್ಲ. ಮೇಷ್ಟ್ರ ಮುಖ ಸಣ್ಣದಾಯಿತು. "ಇದೊಂದು ಉಪದ್ರ ಉಂಟು ಮಾರಾಯ್ರೆ, ಫ್ಯೂಯಲ್ ಪಂಪ್ ಹೋಗಿದೆ ಅಂತಾರೆ ಮೆಕ್ಯಾನಿಕ್" ಎಂದರು. ಕೀ ತಿರುಗಿಸಿದಾಗ ಪಂಪಿನ ಎರಡು ಸೆಕೆಂಡಿನ ಗುಂಯ್ ಇರಲಿಲ್ಲ, ಐದು ನಿಮಿಷ ಬಾಗಿಲು ತೆಗೆದಿಟ್ಟ ಮೇಲೆ ಬಂತು. ಹಳೆಯ ಹೋಂಡಾ ಓಡಿಸಿದವರಿಗೆ ಇದು ಪಂಪಿಗೆ ಕರೆಂಟ್ ಕೊಡುವ ಮೇನ್ ರಿಲೇಯ ತೊಂದರೆ ಎಂದು ಗೊತ್ತು, ವಯಸ್ಸಿಗೆ ಒಳಗಿನ ಸೋಲ್ಡರ್ ಬಿರುಕು ಬಿಡುತ್ತದೆ. ನಾನು ತುಟಿ ಬಿಚ್ಚಲಿಲ್ಲ. 1 ಲಕ್ಷದ 70 ಸಾವಿರಕ್ಕೆ ಮುಗಿಯಿತು. ಉಡುಪಿಯ ಟಿವಿ ರಿಪೇರಿಯವರೊಬ್ಬರು ಆ ರಿಲೇಗೆ ಹೊಸ ಸೋಲ್ಡರ್ ಹಾಕಿಕೊಟ್ಟದ್ದು 200 ರೂಪಾಯಿಗೆ.

ಅಷ್ಟಕ್ಕೇ ಬೀಗಬೇಡಿ, ಹಿಂದೆಯೇ ಖರ್ಚು ಬಂತು. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಸೀಲ್ ಸೇರಿ 14-15 ಸಾವಿರ. ಬೆಲ್ಟ್ ಚೆನ್ನಾಗಿದೆ ಎಂದು ಯಾರು ಹೇಳಿದರೂ ಬದಲಿಸಿ, ಕಡಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಶಾಕ್ ಅಬ್ಸಾರ್ಬರ್, ಬುಷ್ 32 ಸಾವಿರ. ಟೈರ್ 22. ಟಿಂಕರಿಂಗ್ 25. ಡಿಸ್ಟ್ರಿಬ್ಯೂಟರ್ ಕ್ಯಾಪ್, ಪ್ಲಗ್ ವೈರ್, ಪೆಟ್ರೋಲ್ ಹೋಸ್ ಹನ್ನೊಂದರ ಹತ್ತಿರ. ಹೋಸ್ ಬಿಡಬೇಡಿ, ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್, 2002ರ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಒಟ್ಟು ಲಕ್ಷ ದಾಟಿತು. ಆದರೂ ಗಾಡಿ ಸೇರಿ ಮೂರು ಲಕ್ಷದ ಒಳಗೆ.

ಮಧ್ಯೆ ತುಕ್ಕು ತಡೆಯಲು ಒಂದು ಪ್ರಯೋಗ. ಗಾಡಿಯಡಿಗೆ ಎಡಗಡೆ ನಮ್ಮ ಹಳಬರ ಪದ್ಧತಿಯಂತೆ ಸುಟ್ಟ ಎಂಜಿನ್ ಆಯಿಲ್ ಹೊಡೆದೆ, ಬಲಗಡೆ ಪೇಟೆಯ ವ್ಯಾಕ್ಸ್. ಮಳೆಗಾಲ ಮುಗಿದು ರ‍್ಯಾಂಪಿಗೆ ಏರಿಸಿದರೆ ತುಕ್ಕು ಎರಡೂ ಕಡೆ ಇಲ್ಲ, ಎಡಗಡೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು ಅಷ್ಟೇ. ಆದರೆ ಆಯಿಲ್ ತಾಗಿದ ಹೊಸ ಬುಷ್‌ಗಳು ಊದಿದ್ದವು, ಮತ್ತೆ ಎರಡೂವರೆ ಸಾವಿರ. ಒಂದಿಂಚು ದೊಡ್ಡ ಅಲಾಯ್ ಹಾಕಿಯೂ ನೋಡಿದೆ. ಸ್ಟಿಯರಿಂಗ್ ಭಾರವಾಯಿತು, ಪಿಕಪ್ ಸತ್ತಿತು. ತೆಗೆದು ಮಾರಿದೆ.

ಮಜಾ ಎಲ್ಲಿ ಎಂದರೆ, ಆಗುಂಬೆಯಲ್ಲಿ ಅಲ್ಲ. ಆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಒಂದನೇ ಗೇರ್ ಬಿಟ್ಟು ಮೇಲೆ ಬರಲಿಕ್ಕಿಲ್ಲ, ವಿಟೆಕ್ ತೆರೆಯುವುದೇ ಇಲ್ಲ. ಬಜಗೋಳಿ ದಾಟಿ ಕುದುರೆಮುಖದ ಕಡೆಗೆ ಬೆಳಿಗ್ಗೆ ಹೋಗಿ. ಎರಡು, ಮೂರು, ಮತ್ತೆ ಎರಡು. ಐದು ಸಾವಿರದ ಮೇಲೆ ಎಂಜಿನ್ನಿನ ದನಿಯೇ ಬೇರೆ. ದನ, ಜಿಂಕೆ ಅಡ್ಡ ಬರುತ್ತವೆ, ತಿರುವಿನಾಚೆ ಕಾಣದಲ್ಲಿ ಕಾಲು ತೆಗೆಯಿರಿ.

ಬಾಕಿ ಇರುವುದು ಎರಡು ಕೆಲಸ. ಬೆಳಿಗ್ಗೆ ತಣ್ಣಗಿರುವಾಗ ಎರಡನೇ ಗೇರಿನ ಸಿಂಕ್ರೊ (ಗೇರ್ ನಯವಾಗಿ ಕೂರಿಸುವ ಉಂಗುರ) ಕರಕರ ಅನ್ನುತ್ತದೆ. ಗುಜರಿಯಲ್ಲಿ ಒಂದು ಗೇರ್‌ಬಾಕ್ಸ್ ನೋಡಿಟ್ಟಿದ್ದೇನೆ, ಹನ್ನೆರಡು ಸಾವಿರ ಹೇಳುತ್ತಿದ್ದಾನೆ, ಎಂಟಕ್ಕೆ ಇಳಿದರೆ ತರುತ್ತೇನೆ. ಆರ್‌ಸಿ 2027ರವರೆಗೆ ಉಂಟು. ಇಪ್ಪತ್ತು ವರ್ಷ ದಾಟಿದ ಕಾರಿನ ರಿನೀವಲ್ ಶುಲ್ಕ 2025ರಲ್ಲಿ 10,000ಕ್ಕೆ ಏರಿದೆ. ಗಾಡಿ ನೋಡಲು ಹೋಗುವವರು ಆರ್‌ಸಿಯ ಕೊನೆಯ ದಿನಾಂಕ ನೋಡಿಯೇ ರೇಟು ಮಾತಾಡಿ.