ಕಾಗದದ ಕೊಕ್ಕರೆಗೆ ಎಂಥ ಕ್ಯಾಮೆರಾ ಬೇಕು?

ಒರಿಗಾಮಿ (ಕಾಗದ ಮಡಿಸಿ ಆಕೃತಿ ಮಾಡುವ ಕಲೆ) ಮಾದರಿಗಳ ಫೋಟೊ ತೆಗೆಯಬೇಕು ಎಂದು ಅಂಗಡಿಯಲ್ಲಿ ಹೇಳಿ ನೋಡಿ, ತಕ್ಷಣ ನಿಮ್ಮ ಮುಂದೆ ಅತಿ ಹತ್ತಿರದ ಚಿತ್ರಕ್ಕೆಂದೇ ಇರುವ ಮ್ಯಾಕ್ರೊ ಲೆನ್ಸ್ ಬಂದು ಕೂರುತ್ತದೆ. ಇರುವೆಯ ಕಣ್ಣು, ಎಲೆಯ ನರ ತೆಗೆಯುವವರಿಗೆ ಅದು ಬೇಕು. ಕಾಗದದ ಕೊಕ್ಕರೆ ಇರುವೆಯಷ್ಟು ಚಿಕ್ಕದಲ್ಲ, ಹಾರಿಹೋಗುವುದೂ ಇಲ್ಲ. ಅದಕ್ಕೆ ಸಾಕಾಗುವ ಕ್ಯಾಮೆರಾ ಬಹಳಷ್ಟು ಸಲ ಮನೆಯಲ್ಲೇ ಇರುತ್ತದೆ.

ಮೊದಲು ಅಳತೆ

ಸ್ಕೇಲ್ ಹಿಡಿದು ನಿಮ್ಮ ಮಾದರಿಗಳ ಅಗಲ ನೋಡಿ. ಒರಿಗಾಮಿ ಕಾಗದದ ಸಾಮಾನ್ಯ ಅಳತೆ 15 ಸೆಂ.ಮೀ. ಚೌಕ. ಅದರಿಂದ ಮಡಿಸಿದ ಹೆಚ್ಚಿನ ಮಾದರಿಗಳು ಅಂಗೈ ಮೇಲೆ ಕೂರುತ್ತವೆ. ಇವಕ್ಕೆ ವಿಶೇಷ ಲೆನ್ಸ್ ಬೇಡ. 2 ಸೆಂ.ಮೀ. ಕಾಗದದಲ್ಲಿ ಪುಟಾಣಿ ಹಕ್ಕಿ ಮಡಿಸುವವರ ಮಾತು ಬೇರೆ.

ಕೈಯಲ್ಲಿರುವ ಮೊಬೈಲ್ ಪರೀಕ್ಷಿಸಿ

ಮೊಬೈಲಿನ ಚಿಕ್ಕ ಸೆನ್ಸರ್ (ಲೆನ್ಸಿನ ಹಿಂದೆ ಚಿತ್ರ ಮೂಡುವ ಫಲಕ) ಇಲ್ಲಿ ವರವೇ ಸರಿ. ಕೊಕ್ಕಿನಿಂದ ಬಾಲದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುವುದು ಅದರಲ್ಲಿ ಸುಲಭ. ಆದರೆ ತೀರಾ ಹತ್ತಿರ ಹೋಗಬೇಡಿ. 2021ರ ಐಫೋನ್ 13 ಪ್ರೊ ಫೋನು 2 ಸೆಂ.ಮೀ. ದೂರದಿಂದಲೂ ಫೋಕಸ್ ಮಾಡುತ್ತದೆ, ನಿಜ. ಆಗ ಅದು ಬಳಸುವುದು ಅಗಲ ನೋಟದ ಅಲ್ಟ್ರಾವೈಡ್ ಲೆನ್ಸನ್ನು. ಅಷ್ಟು ಹತ್ತಿರದ ನೋಟದಲ್ಲಿ ಕೊಕ್ಕು ಊದಿಕೊಂಡು ಬಾಲ ಕುಗ್ಗಿಹೋಗುತ್ತದೆ, ಫೋನಿನ ನೆರಳೂ ಮಾದರಿಯ ಮೇಲೆ ಬೀಳುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿದರೆ ಆಕಾರ ಸರಿಯಾಗಿ ಬರುತ್ತದೆ. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ‘ಮ್ಯಾಕ್ರೊ ಕ್ಯಾಮೆರಾ’ವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಇಷ್ಟರಲ್ಲಿ ತೃಪ್ತಿಯಾದರೆ ಹಣ ಉಳಿಯಿತು. ಆಗದಿದ್ದರೆ ಮುಂದೆ ಓದಿ.

ಅಂಗಡಿಗೆ ಸ್ಕೇಲ್ ಒಯ್ಯಿರಿ

ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಮೆಗಾಪಿಕ್ಸೆಲ್ ದಪ್ಪಕ್ಷರದಲ್ಲಿರುತ್ತದೆ. ನಿಮಗೆ ಬೇಕಾದದ್ದು ಲೆನ್ಸಿನ ಗರಿಷ್ಠ ವರ್ಧನೆ, ಅಂದರೆ ವಸ್ತುವಿನ ನಿಜವಾದ ಗಾತ್ರದ ಎಷ್ಟು ಪಾಲು ಸೆನ್ಸರ್ ಮೇಲೆ ಮೂಡುತ್ತದೆ ಎಂಬ ಸಂಖ್ಯೆ. ನಿಜವಾದ ಮ್ಯಾಕ್ರೊ ಲೆನ್ಸಿನಲ್ಲಿ ಇದು 1. ಲೆನ್ಸ್ ಬದಲಿಸಬಹುದಾದ ಡಿಎಸ್ಎಲ್ಆರ್ ಕ್ಯಾಮೆರಾದ ಜೊತೆ ಬರುವ 18-55 ಮಿ.ಮೀ. ಲೆನ್ಸ್‌ಗಳಲ್ಲಿ ಅನೇಕವು ಸುಮಾರು 0.35 ಕೊಡುತ್ತವೆ. ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಅಳತೆಯ ಸೆನ್ಸರ್ ಸುಮಾರು 23 ಮಿ.ಮೀ. ಅಗಲವಿರುವುದರಿಂದ ಆರೂವರೆ ಸೆಂ.ಮೀ. ಅಗಲದ ಮಾದರಿ ಚೌಕಟ್ಟನ್ನೇ ತುಂಬುತ್ತದೆ. ಕೊಕ್ಕರೆಗೆ ಇನ್ನೇನು ಬೇಕು?

ಈ ಸಂಖ್ಯೆ ಮಾರುವವರಿಗೂ ಗೊತ್ತಿರದಿದ್ದರೆ ಸ್ಕೇಲನ್ನು ಮೇಜಿನ ಮೇಲಿಟ್ಟು, ಜೂಮನ್ನು ಕೊನೆಯವರೆಗೆ ತಿರುಗಿಸಿ, ಫೋಕಸ್ ಆಗುವಷ್ಟು ಹತ್ತಿರ ಹೋಗಿ ಒಂದು ಚಿತ್ರ ತೆಗೆಯಿರಿ. ಚೌಕಟ್ಟಿನ ಈ ಅಂಚಿನಿಂದ ಆ ಅಂಚಿಗೆ ಎಷ್ಟು ಸೆಂ.ಮೀ. ಕಾಣುತ್ತದೆ? ಅದು ನಿಮ್ಮ ಅತಿ ಚಿಕ್ಕ ಮಾದರಿಯ ಅಗಲಕ್ಕಿಂತ ತುಸು ಹೆಚ್ಚಿದ್ದರೂ ಸಾಕು. ‘1 ಸೆಂ.ಮೀ. ಮ್ಯಾಕ್ರೊ’ ಎಂದು ಹೇಳಿಕೊಳ್ಳುವ ಪುಟ್ಟ ಕ್ಯಾಮೆರಾಗಳಿಗೂ ಇದೇ ಪರೀಕ್ಷೆ ಮಾಡಿ. ಆ ಅಂಕಿ ಹೆಚ್ಚಾಗಿ ಜೂಮ್ ಮಾಡದ ಸ್ಥಿತಿಗೆ ಮಾತ್ರ ಸೇರಿದ್ದು, ಮೊಬೈಲಿನಲ್ಲಿ ಕಂಡ ಕೊಕ್ಕಿನ ತೊಂದರೆ ಅಲ್ಲೂ ತಪ್ಪಿದ್ದಲ್ಲ.

ಮಸುಕಿನ ಸಮಸ್ಯೆ

ದೊಡ್ಡ ಸೆನ್ಸರಿನ ಕ್ಯಾಮೆರಾ ಕೊಂಡವರ ಗೊಣಗಾಟ ಶುರುವಾಗುವುದು ಇಲ್ಲಿ. ಮೇಲೆ ಹೇಳಿದ ಲೆನ್ಸಿನಲ್ಲಿ ಗರಿಷ್ಠ ವರ್ಧನೆಗೆ ಹೋಗಿ, ಅಪರ್ಚರ್ (ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಎಫ್ 11ರಲ್ಲಿಟ್ಟರೂ ಸ್ಪಷ್ಟವಾಗಿ ಕಾಣುವ ಆಳ 4-5 ಮಿ.ಮೀ. ಮಾತ್ರ. ಕೊಕ್ಕಿಗೆ ಫೋಕಸ್ ಮಾಡಿದರೆ ರೆಕ್ಕೆ ಮಸುಕು. ಎಫ್ 22ರ ತನಕ ಹೋದರೆ ಬೆಳಕಿನ ವಿವರ್ತನೆಯಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರದ ಸ್ಪಷ್ಟತೆಯೇ ಕುಗ್ಗುತ್ತದೆ.

ಉಪಾಯ ಸರಳ: ಹಿಂದೆ ಸರಿಯಿರಿ. ಚೌಕಟ್ಟಿನಲ್ಲಿ 16 ಸೆಂ.ಮೀ. ಕಾಣುವಷ್ಟು ದೂರದಿಂದ ತೆಗೆದು, ಬೇಕಾದ ಆರೂವರೆ ಸೆಂ.ಮೀ. ಭಾಗವನ್ನು ಕತ್ತರಿಸಿಕೊಂಡರೆ ಸ್ಪಷ್ಟತೆಯ ಆಳ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 24 ಮೆಗಾಪಿಕ್ಸೆಲ್ ಚಿತ್ರ 6,000 ಪಿಕ್ಸೆಲ್ ಅಗಲವಿರುತ್ತದೆ. ಕತ್ತರಿಸಿದ ಮೇಲೂ 2,400 ಉಳಿಯುತ್ತದೆ, ಪರದೆಯ ಮೇಲೆ ತೋರಿಸಲು ಅದು ಧಾರಾಳ. ಮೆಗಾಪಿಕ್ಸೆಲ್ ಉಪಯೋಗಕ್ಕೆ ಬರುವುದು ಹೀಗೆ. ಮಾದರಿಯನ್ನು ಪಕ್ಕಕ್ಕೆ ತಿರುಗಿಸಿ ಅದರ ಉದ್ದ ಸೆನ್ಸರಿಗೆ ಸಮಾನಾಂತರವಾಗುವಂತೆ ಇಟ್ಟರಂತೂ ಇನ್ನೂ ಒಳ್ಳೆಯದು.

ಇವು ಇದ್ದೇ ಇರಲಿ

ಅಪರ್ಚರ್, ಫೋಕಸ್ ಎರಡನ್ನೂ ಕೈಯಿಂದ ಹೊಂದಿಸಲು ಬರಬೇಕು. ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಹೆಚ್ಚು ಕಡಿಮೆ ಮಾಡುವ ಗುಂಡಿ ಇರಬೇಕು: ಬಿಳಿ ಕಾಗದವನ್ನು ಕ್ಯಾಮೆರಾ ಬೂದು ಮಾಡುತ್ತದೆ, ಒಂದು ಸ್ಟಾಪ್ (ಅಂದರೆ ಬೆಳಕು ಎರಡರಷ್ಟು) ಹೆಚ್ಚಿಸಿದರೆ ಬಿಳುಪು ಮರಳುತ್ತದೆ. ಮೇಜಿನ ಮಟ್ಟದಿಂದ ತೆಗೆಯುವಾಗ ಕತ್ತು ನೋಯದಿರಲು ತಿರುಗುವ ಪರದೆ ಬೇಕು. ಅತಿ ವೇಗದ ಆಟೊಫೋಕಸ್‌ಗೆ, ಒಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಸಾಮರ್ಥ್ಯಕ್ಕೆ ದುಡ್ಡು ಕೊಡುವುದು ವ್ಯರ್ಥ. ಆ ಹಣದಲ್ಲಿ ಗಟ್ಟಿ ಟ್ರೈಪಾಡ್ ಬರುತ್ತದೆ. ಟ್ರೈಪಾಡ್, ಐಎಸ್‌ಒ 100 (ಸೆನ್ಸರಿನ ಸಂವೇದನೆಯ ಕಡಿಮೆ ಮಟ್ಟ), ಎರಡು ಸೆಕೆಂಡಿನ ಟೈಮರ್ ಇದ್ದರೆ ಹತ್ತು ವರ್ಷ ಹಳೆಯ ಕ್ಯಾಮೆರಾವೂ ಚೆನ್ನಾಗಿ ತೆಗೆಯುತ್ತದೆ. ಕಾಗದ ಅಲುಗದಂತೆ ಫ್ಯಾನ್ ಮಾತ್ರ ನಿಲ್ಲಿಸಿ.

ಕ್ಯಾಮೆರಾದ ಫ್ಲ್ಯಾಶ್ ಎದುರಿನಿಂದ ಬಿದ್ದು ಮಡಿಕೆಗಳನ್ನೆಲ್ಲ ಅಳಿಸಿಬಿಡುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದರೆ ಪ್ರತಿ ಮಡಿಕೆಗೂ ನೆರಳು ಸಿಗುತ್ತದೆ. ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೊಶಿಜಾವಾ ರೂಢಿಗೆ ತಂದ ಒದ್ದೆ ಮಡಿಕೆಯ ವಿಧಾನದಲ್ಲಿ ಮಾಡಿದ ಮಾದರಿಗಳ ದುಂಡು ಮೈ ತೋರಬೇಕಾದರೆ ಇದು ಬೇಕೇ ಬೇಕು. ಹೊಳೆಯುವ ಲೋಹದ ಹಾಳೆಯ ಕಾಗದಕ್ಕೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಡಿ, ಲೋಹದ ಪ್ರತಿಫಲನವನ್ನು ಅದು ತಡೆಯುವುದಿಲ್ಲ. ಬೆಳಕು ಮೃದುವಾಗಲು ಕಿಟಕಿಗೆ ಬಿಳಿ ಪಂಚೆ ಕಟ್ಟಿ.

ಇನ್ನೂ ಹತ್ತಿರ ಬೇಕಾದರೆ

ಅಮೆರಿಕದ ಒರಿಗಾಮಿ ಕಲಾವಿದ ರಾಬರ್ಟ್ ಲ್ಯಾಂಗ್ ವಿನ್ಯಾಸದ ಕೀಟಗಳ ಕಾಲಿನ ತುದಿಯನ್ನೇ ತೋರಿಸುವ ಆಸೆಯಿದ್ದರೂ ಮ್ಯಾಕ್ರೊ ಲೆನ್ಸಿಗೆ ಮೊದಲು ಎಕ್ಸ್‌ಟೆನ್ಶನ್ ಟ್ಯೂಬ್ ನೋಡಿ. ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರುವ ಟೊಳ್ಳು ಬಳೆ ಇದು, ಒಳಗೆ ಗಾಜಿಲ್ಲ. 50 ಮಿ.ಮೀ. ಲೆನ್ಸಿಗೆ 12 ಮಿ.ಮೀ. ಟ್ಯೂಬ್ ಹಾಕಿದರೆ ವರ್ಧನೆ 0.24ರಷ್ಟು ಹೆಚ್ಚುತ್ತದೆ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಬಿಂದುಗಳಿರುವುದನ್ನೇ ಕೇಳಿ. ಅವಿಲ್ಲದ ಅಗ್ಗದ ಟ್ಯೂಬ್ ಹಾಕಿದರೆ ಈಗಿನ ಬಹುತೇಕ ಲೆನ್ಸ್‌ಗಳಲ್ಲಿ ಆಟೊಫೋಕಸ್ ಜೊತೆಗೆ ಅಪರ್ಚರ್ ಹೊಂದಿಸುವ ಅವಕಾಶವೂ ತಪ್ಪಿಹೋಗುತ್ತದೆ.