ಹಿತ್ತಲಲ್ಲಿ 50 ಕೋಳಿಮರಿ: ಕಾವಿನಿಂದ ಸೊಪ್ಪಿನ ಮಡಿಯವರೆಗೆ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾ ಕೋಳಿಗಳು ಹಿತ್ತಲಲ್ಲಿ ಚೆನ್ನಾಗಿ ಮೇಯುತ್ತವೆ. ಆದರೆ ನಾಟಿ ಕೋಳಿಯಂತೆ ಕಾವಿಗೆ ಕೂರುವುದಿಲ್ಲ. ಒಂದು ದಿನದ ಮರಿ ತಂದರೆ ಮೊದಲ ಮೂರು–ನಾಲ್ಕು ವಾರ ಕಾವು ಕೊಡುವ ಕೆಲಸ ಮನೆಯವರದೇ.

ಮರಿ ಬರುವ ಹಿಂದಿನ ದಿನವೇ ಜಾಗ ಸಿದ್ಧವಿರಲಿ. ಒಂದೂವರೆ ಅಡಿ ಎತ್ತರ, 16 ಅಡಿ ಉದ್ದದ ತಗಡನ್ನು ದುಂಡಗೆ ಬಗ್ಗಿಸಿ ನಿಲ್ಲಿಸಿ. ಚೌಕ ಬೇಡ, ಮೂಲೆಯಲ್ಲಿ ಗುಂಪುಗೂಡಿದ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಒಳಗೆ ಎರಡು ಅಂಗುಲ ಒಣ ಭತ್ತದ ಹೊಟ್ಟು ಹರಡಿ, ಮೇಲೆ ಪತ್ರಿಕೆಯ ಹಾಳೆ ಹಾಸಿ. ಮೂರು ದಿನದ ನಂತರ ಹಾಳೆ ತೆಗೆಯಿರಿ. ಅದರ ಮೇಲೆ ಕಾಲು ಜಾರಿ ಜಾರಿ ಮರಿ ಕುಂಟಾಗುತ್ತದೆ.

ಮರಿಯೊಂದಕ್ಕೆ 2 ವ್ಯಾಟ್ ಲೆಕ್ಕದಲ್ಲಿ 60 ವ್ಯಾಟ್‌ನ ಎರಡು ಹಳೇ ಮಾದರಿಯ ಬಲ್ಬ್ ಸಾಕು. ಒಂದು ಸುಟ್ಟರೂ ಇನ್ನೊಂದು ಇರುತ್ತದೆ. ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಕಾವಿಗೆ ಬಾರದು. ಮೊದಲ ವಾರ ಮರಿಗಳ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸಲು ಬಲ್ಬನ್ನು ಮೇಲಕ್ಕೆ ಏರಿಸುತ್ತ ಹೋಗಿ. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬುವುದು ಮೇಲು: ಬಲ್ಬಿನ ಕೆಳಗೆ ಒತ್ತಾಗಿ ಕೂತು ಚಿಲಿಗುಟ್ಟಿದರೆ ಚಳಿ, ತಗಡಿಗೆ ಅಂಟಿ ಬಾಯಿ ತೆರೆದರೆ ಸೆಕೆ, ಎಲ್ಲವೂ ಒಂದೇ ಪಕ್ಕಕ್ಕೆ ಸರಿದರೆ ಎದುರಿನಿಂದ ಗಾಳಿ ಬೀಸುತ್ತಿದೆ. ಕರೆಂಟು ಹೋದಾಗ ಕೆಂಡದ ಮಡಕೆ ಇಡುವವರು ಸುತ್ತ ಜಾಲರಿ ಕಟ್ಟಲಿ, ಕಿಟಕಿ ತೆರೆದಿರಲಿ.

ಮೊದಲು ನೀರು, ಎರಡು ಗಂಟೆ ಕಳೆದು ಮೇವು. ಮೊದಲ ದಿನ ಮಾತ್ರ ಲೀಟರಿಗೆ 50 ಗ್ರಾಂ ಬೆಲ್ಲ ಕದಡಿ ಕೊಡಿ. ತಟ್ಟೆಯಲ್ಲಿ ನೀರಿಟ್ಟರೆ ಉರುಟು ಕಲ್ಲು ಹಾಕದೆ ಇಡಬೇಡಿ, ಮರಿ ಮುಳುಗುತ್ತದೆ. ಮೊದಲ ದಿನ ಜೋಳದ ನುಚ್ಚನ್ನು ಹಾಳೆಯ ಮೇಲೆ ಚೆಲ್ಲಿ, ಮರುದಿನದಿಂದ ಮರಿಗಳ ಸ್ಟಾರ್ಟರ್ ಆಹಾರ ಕೊಡಿ. ಬರೀ ನುಚ್ಚು, ಅನ್ನದಲ್ಲೇ ಬೆಳೆಸಿದರೆ ಪ್ರೋಟೀನ್ ಸಾಲದೆ ಗರಿ ಬಾರದು. ಹಿಂಭಾಗಕ್ಕೆ ಹಿಕ್ಕೆ ಅಂಟಿಕೊಂಡರೆ ಕೀಳಬೇಡಿ, ಬೆಚ್ಚನೆ ನೀರಿನ ಹತ್ತಿಯಿಂದ ಒರೆಸಿ.

5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗ (ರಾಣಿಖೇತ್) ತಡೆಯುವ ಲಸೊಟಾ ಲಸಿಕೆ: ಕಣ್ಣಿಗೋ ಮೂಗಿಗೋ ಒಂದು ಹನಿ. 14ನೇ ದಿನ ಗಂಬೋರೊ ಎಂಬ ವೈರಸ್ ರೋಗದ ಲಸಿಕೆ, 28ಕ್ಕೆ ಮತ್ತೆ ಲಸೊಟಾ. ಲಸಿಕೆಯನ್ನು ಐಸ್‌ನಲ್ಲಿಟ್ಟು ತನ್ನಿ. ದಾರಿಯಲ್ಲಿ ಬಿಸಿಯಾದರೆ ಹಾಕಿಯೂ ಪ್ರಯೋಜನವಿಲ್ಲ.

ಮೂರನೇ ವಾರದಿಂದ ರಕ್ತಭೇದಿಯ ಭಯ. ಅನೇಕರು ಔಷಧಿಗೆ ಓಡುತ್ತಾರೆ, ರೋಗ ಹಬ್ಬಿಸುವ, ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಹೊಟ್ಟನ್ನು ನೋಡುವುದೇ ಇಲ್ಲ. ಹಿಡಿಯಲ್ಲಿ ಅದುಮಿದಾಗ ಉಂಡೆಗಟ್ಟುವ ಹೊಟ್ಟನ್ನು ಅಂದೇ ತೆಗೆದು ಒಣದು ಹಾಕಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ಪಶು ಆಸ್ಪತ್ರೆಗೆ ಹೋಗಿ.

ತೆಗೆದ ಹೊಟ್ಟನ್ನು ನೇರವಾಗಿ ಗಿಡದ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ತರಗೆಲೆ ಬೆರೆಸಿ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ಮಗುಚಿ. ಎರಡು–ಮೂರು ತಿಂಗಳಲ್ಲಿ ಅಮೋನಿಯಾದ ಘಾಟು ಹೋಗಿ ಮಣ್ಣಿನ ವಾಸನೆ ಬರುತ್ತದೆ. ದಂಟು, ಬದನೆ ಮಡಿಗೆ ಚದರ ಮೀಟರಿಗೆ ಒಂದು ಕೆ.ಜಿ. ಸಾಕು. ಅಲಸಂದೆ, ಹುರುಳಿಗೆ ಬೇಡ. ಎಲೆ ಹಬ್ಬುತ್ತದೆ, ಕಾಯಿ ಕಡಿಮೆಯಾಗುತ್ತದೆ. ಸಸಿ ಮೊಣಕಾಲೆತ್ತರ ಬರುವವರೆಗೆ ಮಡಿಗೆ ಬಲೆ ಕಟ್ಟಿ ಕೋಳಿಗಳನ್ನು ದೂರವಿಡಿ. ಸೊಪ್ಪಿನ ಮಡಿಗಂತೂ ಕೊಯ್ಲಿನವರೆಗೂ ಬಲೆ ಇರಲೇಬೇಕು.